ಚೀಸಿಗೆ ಬಿಟ್ಟ ಮಾರ್ಜಿನ್

ಚೀಸಿಗೆ ಎರಡು ಅಂಗಿ ಹೊಲಿದ ಕೂಲಿ, ಕ್ರೀಮಿಗೆ ಅರ್ಧ ಅಂಗಿಯದು, ಹಾಲು ಬೆಣ್ಣೆ ಬ್ರೆಡ್ಡಿಗೆ ಇನ್ನೊಂದು ಅಂಗಿಯದು. ಸೂಜಿ ಲೆಕ್ಕ ಹಾಕುವುದೇ ಹಾಗೆ. ಕಡ್ಡಿಯಂಥ ಮೈಕಟ್ಟು ನೋಡಿ ಹೊಲಿಗೆ ಅಂಗಡಿಯವರು ಅವಳಿಗೆ ಇಟ್ಟ ಹೆಸರು ಅದು.

"ಮೂರೂವರೆ ಅಂಗೀನ ಒಲೆ ಮೇಲೆ ಇಡ್ತಿದ್ದೀಯಲ್ಲೇ, ಬ್ರೆಡ್ ಅದ್ದಿ ತಿನ್ನೋಕೆ!" ಎಂದರು ಅತ್ತೆ.

"ಸುಮ್ನಿರಿ ಅತ್ತೆ. ಕೆಲಸ ಆಗ್ಬೇಕು ಅಂದ್ರೆ ಕೈ ಬಿಗಿ ಹಿಡಿದ್ರೆ ಆಗಲ್ಲ."

ಆಗಬೇಕಾದ ಕೆಲಸ ಒಂದೇ. ಅವಳು ಹೊಲಿಯುತ್ತಿದ್ದ ಅಂಗಡಿಯ ಮಾಲೀಕ ತಿಂಗಳ ಕೊನೆಗೆ ಬಾಗಿಲು ಹಾಕುವವನಿದ್ದ. ಸೂಜಿ ತಾನೇ ಅಂಗಡಿ ಇಡುವ ಹುಮ್ಮಸ್ಸಿನಲ್ಲಿ ಒಂದು ಕೋಣೆಗೆ ಮುಂಗಡ ಕೊಟ್ಟು ಬಂದಿದ್ದಳು. ಹೊಲಿಯಲು ತಾನಿದ್ದಾಳೆ, ಕಾಜಾ ಹಾಕಲು, ಗುಂಡಿ ಹಚ್ಚಲು ಗೆಳತಿ ಗುಂಡಿ ಇದ್ದಾಳೆ. ಬಟ್ಟೆ ಕತ್ತರಿಸಲು ಅದೇ ಅಂಗಡಿಯ ಕತ್ತರಿ ಅಕ್ಕ ಬರಬೇಕು. ಗಿರಾಕಿಗಳು ನಂಬಿದ್ದು ಆಕೆಯ ಕೈಯನ್ನು. ಆದರೆ ಆಕೆಯನ್ನು ಯೂನಿಫಾರ್ಮ್ ಕಾರ್ಖಾನೆಯವರೂ ಕರೆದಿದ್ದರು. ನಾಳೆಯೇ ಉತ್ತರ ಹೇಳಬೇಕಿತ್ತು. ಇಬ್ಬರನ್ನೂ ಸೂಜಿ ಊಟಕ್ಕೆ ಮುಂಚೆ ಬನ್ನಿ ಎಂದು ಕರೆದದ್ದು ಅದಕ್ಕೇ.

ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಹಾಲು ಹೊಯ್ದಳು. ಒಂದು ಚಮಚ ಕಾರ್ನ್‌ಫ್ಲೋರ್ ಕದಡಿ ಹಾಕಿದರೆ ಸಾಕು ಎಂದು ಪಕ್ಕದ ಮನೆಯಾಕೆ ಹೇಳಿಕೊಟ್ಟಿದ್ದಳು. ಸೂಜಿಯ ಕೈ ಅಷ್ಟಕ್ಕೆ ನಿಲ್ಲಲಿಲ್ಲ. ಮೈ ಬಂದರೆ ಬಿಚ್ಚಿ ಸಡಿಲ ಮಾಡಲೆಂದು ಪ್ರತಿ ಅಂಗಿಯ ಹೊಲಿಗೆಯ ಒಳಗೂ ಎರಡು ಬೆರಳು ಬಟ್ಟೆ ಮಾರ್ಜಿನ್ ಬಿಡುವ ಅಭ್ಯಾಸ ಅವಳದು. ಇಲ್ಲೂ ಇರಲಿ ಅಂತ ಒಂದು ಚಮಚ, ಅದರ ಮೇಲೆ ಇನ್ನೊಂದು. ಕ್ರೀಮು, ತುರಿದ ಚೀಸು ಬಿದ್ದ ಮೇಲೆ ಸಟ್ಟುಗ ಪಾತ್ರೆಯಲ್ಲಿ ನೆಟ್ಟಗೆ ನಿಂತುಕೊಂಡಿತು.

ಅಷ್ಟರಲ್ಲಿ ಇಬ್ಬರೂ ಬಂದರು. ಗುಂಡಿ ಬ್ರೆಡ್ ಅದ್ದಿದಳು. ತುಂಡು ಮುರಿದು ಅಲ್ಲೇ ಉಳಿಯಿತು.

"ಏನೇ ಇದು, ತಿನ್ನೋಕೋ, ಗೋಡೆಗೆ ಮೆತ್ತೋಕೋ?"

ಕತ್ತರಿ ಅಕ್ಕ ಇಣುಕಿ ನೋಡಿ, "ಇದಕ್ಕೂ ಮಾರ್ಜಿನ್ ಬಿಟ್ಟಿದ್ದೀಯೇನೇ?" ಎಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ಒಳಗಿನಿಂದ ನಕ್ಕರು. ಬಿಸಿ ಹಾಲು ಸ್ವಲ್ಪ ಸ್ವಲ್ಪವೇ ಹೊಯ್ದು ತಿರುವಿದಾಗ ಚೀಸು ದಾರಿಗೆ ಬಂತು. ಬ್ರೆಡ್ಡಿನಿಂದ ಎಳೆ ಎಳೆಯಾಗಿ ಇಳಿಯಿತು. ಪಾತ್ರೆ ಅರ್ಧ ಆದಾಗ ಸೂಜಿ ವಿಷಯಕ್ಕೆ ಬಂದಳು.

"ಅಕ್ಕಾ, ನೀವು ಹೂಂ ಅಂದ್ರೆ ನಾಳೇನೇ ಬೋರ್ಡ್ ಬರೆಸ್ತೀನಿ."

"ಎಷ್ಟು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಕೊಂಡಿದ್ದೀಯ?"

"ಒಂದು ತಿಂಗಳದು."

"ಗಿರಾಕಿ ಬರೋದು ತಡ ಆದ್ರೆ?"

ಸೂಜಿ ಅಕ್ಕನ ಮುಂದೆ ಇನ್ನೊಂದು ತುಂಡು ಬ್ರೆಡ್ ಇಟ್ಟಳು.

"ಮಷಿನ್ ಕೆಟ್ರೆ?"

"ಹೇಗೋ ಆಗುತ್ತೆ ಅಕ್ಕಾ."

"ಚೀಸಿಗೆ ಮಾರ್ಜಿನ್ ಬಿಟ್ಟೆ, ಅಂಗಡಿಗೆ ಬಿಡ್ಲಿಲ್ಲ," ಎಂದರು ಕತ್ತರಿ ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮನೇಲಿ ತಿನ್ನೋ ಬಾಯಿ ಐದಿವೆ ಕಣೇ. ಹೇಗೋ ಅನ್ನೋದನ್ನ ನಂಬ್ಕೊಂಡು ನಾನು ಬರೋಕಾಗಲ್ಲ. ಆರು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಕೊಂಡು ಕರಿ, ಆಗ ನೋಡೋಣ."

"ಆಗ ಕಾರ್ಖಾನೆ ಬಿಟ್ಟು ಬರ್ತೀರಾ?"

"ಅದನ್ನ ಈಗ ಹೇಳಿದ್ರೆ ಸುಳ್ಳಾಗುತ್ತೆ."

ಗುಂಡಿ ಪಾತ್ರೆಯ ತಳ ಬಳಿದು ತಿಂದಳು. ಕತ್ತರಿ ಅಕ್ಕ ಬಳೆ ಹಿಂದಕ್ಕೆ ಸರಿಸಿ, ಸೂಜಿ ಬೇಡವೆಂದರೂ ಕೇಳದೆ, ಪಾತ್ರೆ ತೊಳೆದಿಟ್ಟು ಹೋದರು.

ಮರುದಿನ ಆಕೆ ಕಾರ್ಖಾನೆಗೆ ಒಪ್ಪಿಗೆ ಕೊಟ್ಟರು. ಸೂಜಿ ಕೋಣೆ ಬಿಟ್ಟಳು. ಮುಂಗಡದಲ್ಲಿ ಅರ್ಧ ಮಾತ್ರ ವಾಪಸು ಬಂತು. ಈಗ ಅವಳೂ ಗುಂಡಿಯೂ ಮನೆಯ ಹಜಾರದಲ್ಲೇ ಹೊಲಿಯುತ್ತಾರೆ, ಬಾಡಿಗೆ ಇಲ್ಲ. ಕತ್ತರಿಸುವ ಕೆಲಸಕ್ಕೆ ಗಿರಾಕಿಗಳು ನಂಬುವಂಥ ಕೈ ಇನ್ನೂ ಸಿಕ್ಕಿಲ್ಲ.