ಆರು ತಿಂಗಳ ಗಿರಾಕಿ

“ಮೊಕ ನೋಡಿ ನಂಗೆ ಅರ್ತ ಆಗ್ದೇ ಇರೋ ಗಿರಾಕಿ ಇನ್ನೂ ಹುಟ್ಟಿಲ್ಲ, ಅಯ್ನೋರೆ” ಎಂದು ಸಣ್ಣತಾಯಮ್ಮನವರು ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಬದಿಯಲ್ಲಿ ನಿಂತು ಘೋಷಿಸಿದಾಗ ಅವರ ಕೈ ಆಡಿತು, ಕಣ್ಣು ಆಡಿತು, ಮೂಗುಬೊಟ್ಟು ಕೂಡ ಒಮ್ಮೆ ಮಿನುಗಿತು. ಕತ್ತು ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಆ ಕತ್ತಿನ ವಿಚಾರವನ್ನು ಮೊದಲು ಹೇಳಿ ಮುಗಿಸಬೇಕು. ಇಪ್ಪತ್ತೆಂಟು ವರ್ಷ ಸ್ಟೀಲ್ ಪಾತ್ರೆಗಳ ಮಂಕರಿಯನ್ನು ಹೊತ್ತ ಕತ್ತು ಅದು. ಮಂಕರಿ ಇಳಿದು ಹನ್ನೊಂದು ವರ್ಷವಾಗಿದ್ದರೂ ಆ ಸಮಾಚಾರ ಇನ್ನೂ ಕತ್ತಿಗೆ ಮುಟ್ಟಿದಂತಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಅವರು ತಲೆಯನ್ನು ತಿರುಗಿಸುವುದಿಲ್ಲ, ಬಂದರಿನಲ್ಲಿ ಹಡಗು ತಿರುಗುವಂತೆ ಸಮಸ್ತ ದೇಹವನ್ನೂ ಸಾವಕಾಶವಾಗಿ ತಿರುಗಿಸುತ್ತಾರೆ. ಕಳೆದ ತಿಂಗಳು ಇಲ್ಲಿ ಭೂಮಿ ಒಂದಿಷ್ಟು ನಡುಗಿತು. ಈಜುಕೊಳದ ನೀರು ದಡ ಮೀರಿ ಬಂತು, ಮೂರನೆಯ ಮಹಡಿಯ ಪಿಎಚ್‌ಡಿಗಳೆಲ್ಲ ಬರಿಗಾಲಲ್ಲಿ ಪಾರ್ಕಿಂಗ್ ಲಾಟಿಗೆ ಧಾವಿಸಿದರು. ಸಣ್ಣತಾಯಮ್ಮನವರು ಮಾತ್ರ ಸೀರೆಯ ಮೇಲೆ ಮಗಳು ತೊಡಿಸಿದ್ದ ದಪ್ಪನೆಯ ಉಬ್ಬುಕೋಟಿನಲ್ಲಿ, ತಲೆಯ ಮೇಲೆ ತುಂಬಿದ ಕೊಡವಿದ್ದರೂ ಹನಿ ತುಳುಕದ ಹಾಗೆ, ತಮ್ಮ ಸುತ್ತನ್ನು ಪೂರೈಸಿದರು. ಭೂಕಂಪ ಅಳೆಯುವವರು ಅವರ ನಡಿಗೆಯನ್ನು ಕಂಡು ಅಂಕಿಯನ್ನು ತಗ್ಗಿಸಿ ಬರೆದುಕೊಂಡರೆಂದು ನನ್ನ ಗುಮಾನಿ.

“ಹಳೇ ಬಟ್ಟೆಗೆ ಪಾತ್ರೇ…” ಎಂಬ ಕೂಗನ್ನು ಕೇಳಿ ಬೆಳೆದವರಿಗೆ ಅವರ ಕಸುಬನ್ನು ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ: ಮೈಸೂರಿನ ಸರಸ್ವತಿಪುರಂ, ಕೃಷ್ಣಮೂರ್ತಿಪುರಂಗಳ ಬೀದಿಗಳಲ್ಲಿ ಮಧ್ಯಾಹ್ನ ಗಂಡಸರು ಮನೆಯಲ್ಲಿಲ್ಲದ ಹೊತ್ತಿಗೆ ಸರಿಯಾಗಿ ಅವರು ಪ್ರತ್ಯಕ್ಷರಾಗುತ್ತಿದ್ದರು, ಗೃಹಿಣಿಯರು ಹಳೆಯ ಸೀರೆ, ಪ್ಯಾಂಟು, ಜರಿಪಂಚೆಗಳನ್ನು ತಂದು ಸುರಿದರೆ, ಇವರು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ಹರಕು ಹುಡುಕಿ, ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು, ಅದಕ್ಕೆ ತಕ್ಕ ಡಬ್ಬಿಯನ್ನೋ ಬೋಗುಣಿಯನ್ನೋ ಮುಂದಕ್ಕೆ ಸರಿಸುತ್ತಿದ್ದರು. ನಡುವೆ ಕಾಸಿನ ಮಾತೇ ಇಲ್ಲ. ಒಮ್ಮೆ ವಕೀಲರೊಬ್ಬರ ಹೆಂಡತಿ ಕೊಟ್ಟ ಕರಿಕೋಟಿನ ಜೇಬಿನಲ್ಲಿ ಕೋರ್ಟಿನ ತೀರ್ಪೇ ಸಿಕ್ಕಿತಂತೆ. ಮೂರು ಮೈಲಿ ಹಿಂದಕ್ಕೆ ನಡೆದು ಕಾಗದವನ್ನು ತಲುಪಿಸಿದ ಇವರನ್ನು ಕಂಡು ಪುಳಕಿತರಾದ ವಕೀಲರು, ಹಾಗೆಯೇ ಕೋಟನ್ನೂ ಕೇಳಿದರು. “ಕಾಗ್ದ ನಿಮ್ದು, ಕೋಟು ಯಾಪಾರ ಆಗೋಯ್ತು ಸಾಮಿ” ಎಂದು ಇವರು ಹೊರಟೇಬಿಟ್ಟರು.

ಬೆಳಕಿಗೆ ಹಿಡಿಯುವ ಆ ಅಭ್ಯಾಸ ಏಳು ಸಮುದ್ರ ದಾಟಿ ಬಂದಿದೆ. ವಿಮಾನನಿಲ್ದಾಣದಲ್ಲಿ ಅಧಿಕಾರಿಯು ಮುದ್ರೆಯೊತ್ತಿ ಕೊಟ್ಟ ಪಾಸ್‌ಪೋರ್ಟನ್ನು ಅಲ್ಲಿಯೇ ದೀಪಕ್ಕೆ ಹಿಡಿದು, ತೃಪ್ತಿಯಾದ ಮೇಲಷ್ಟೇ ಮುಂದಕ್ಕೆ ಹೆಜ್ಜೆಯಿಟ್ಟರಂತೆ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸುಮ್ಮನೆ ನಿಂತಿತ್ತು.

ಅವರು ಇಲ್ಲಿಗೆ ಬಂದಿದ್ದುದು ಮಗಳು ಬಿಂದುಶ್ರೀ ಆಫೀಸಿಗೆ ಮರಳುವವರೆಗೆ ಅವಳ ಕೂಸು ಲಾಸ್ಯಾಳನ್ನು ನೋಡಿಕೊಳ್ಳಲು. ಬಿಂದುಶ್ರೀ ಇಲ್ಲೇ ಹತ್ತಿರದ ನೆವಾರ್ಕಿನಲ್ಲಿ ವಿದ್ಯುತ್ ಕಾರುಗಳ ಬ್ಯಾಟರಿ ಇಂಜಿನಿಯರು. ಯಾವುದನ್ನೂ ಪರೀಕ್ಷಿಸದೆ ಒಪ್ಪುವವಳಲ್ಲ, ಆ ಗುಣ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಲಾಸ್ಯಾಳಿಗೆ ಆರು ತಿಂಗಳು ತುಂಬಿ, ಹಾಲಿನ ಜೊತೆ ಗಟ್ಟಿ ಆಹಾರ ಆರಂಭಿಸಬೇಕಾದಾಗ ಅವಳು ಫೋನಿನಲ್ಲಿ ಹದಿನಾರು ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದಳು: ಕಾಲಿಗೆ ಆಸರೆಯುಳ್ಳ ಎತ್ತರದ ಕುರ್ಚಿ, ಮೇಜಿಗೆ ಕಚ್ಚಿಕೊಂಡು ಕೂರುವ ಸಿಲಿಕೋನ್ ಬಟ್ಟಲು, ಒಸಡು ನೋಯಿಸದ ಚಮಚ, ಕೊರಳಿಗೆ ಅಂಟಿಸಿ ಕಟ್ಟುವ ಬಟ್ಟೆಯ ಬಿಬ್ಬು, ಇತ್ಯಾದಿ. ಕುರ್ಚಿಯೂ ಬಿಬ್ಬೂ ಆಗಲೇ ಬಂದಿದ್ದವು. ಬಟ್ಟಲಿನ ಸರದಿ ಬಂದಾಗ ತಾಯಿ ತಡೆದರು.

“ಅವ್ವ, ಪ್ಲೀಸ್. ಒಂದೊಂದಕ್ಕೂ ನೂರಾರು ರಿವ್ಯೂ ಓದಿ ಫೈನಲ್ ಮಾಡಿದೀನಿ. ಕಾಲಿಗೆ ಸಪೋರ್ಟ್ ಇಲ್ದಿದ್ರೆ ಮಗು ಸರಿಯಾಗಿ ನುಂಗೋದೇ ಇಲ್ವಂತೆ, ಗೊತ್ತಾ?”

“ನೀನು ಮಂಕರಿ ಪಕ್ಕ ನೆಲದ ಮೇಲೆ ಕುಂತು ಮುದ್ದೆ ನುಂಗ್ದಲ್ಲ, ಆಗ ನಿನ್ ಕಾಲ್ಗೆ ಏನ್ ಸಪೋಲ್ಟು ಇತ್ತು?”

“ಅದಕ್ಕೇ ಈಗ ನಂಗೆ ಅಸಿಡಿಟಿ.”

ನಾನು ಆಗ ಅವರ ಮನೆಗೆ ಕಾಫಿಗೆಂದು ಹೋಗಿದ್ದವನು, ಲೋಟದೊಳಗೆ ಮುಖವನ್ನು ಮುಳುಗಿಸಿಕೊಂಡು ತಟಸ್ಥನೀತಿಯನ್ನು ಕಾಪಾಡಿಕೊಂಡೆ. ಕೊನೆಗೆ ಒಪ್ಪಂದವಾಯಿತು. ಒಂದು ವಾರ ಬಿಟ್ಟು ಬರುವ ಸೋಮವಾರ ಬಿಂದುಶ್ರೀಗೆ ಆಫೀಸು, ಲಾಸ್ಯಾಳಿಗೆ ಡೇಕೇರು. ರೂಢಿಯಾದ ಬಟ್ಟಲು ಚಮಚಗಳೊಂದಿಗೆ ಮಗುವನ್ನು ಕಳುಹಿಸಬೇಕೆಂದು ಡೇಕೇರಿನವರು ಬರೆದಿದ್ದರು. ಅದರ ಹಿಂದಿನ ಶನಿವಾರದೊಳಗೆ ಅವ್ವ ಆರಿಸಿದ ಪಾತ್ರೆಯಲ್ಲಿ ಕೂಸು ನಾಲ್ಕು ಚಮಚ ತಿಂದರೆ ಮಗಳು ಪಟ್ಟಿಯನ್ನು ಅಳಿಸಿಹಾಕುವುದು.

“ತಿನ್ನದೇ ಹೋದ್ರೆ?” ಎಂದಳು ಬಿಂದುಶ್ರೀ.

“ತಿನ್ನದೇ ಹೋದ್ರೆ, ನಿಮ್ಮವ್ವ ಇಪ್ಪತ್ತೆಂಟು ವರ್ಸ ಹೊತ್ತಿದ್ದು ಪಾತ್ರೆ ಅಲ್ಲ, ಬರೀ ಬಾರ ಅಂತ ತಿಳ್ಕೊ.”

ನಾವು ನಕ್ಕೆವು. ಸಣ್ಣತಾಯಮ್ಮನವರು ನಗಲಿಲ್ಲ. ಆ ಮಗಳನ್ನು ಓದಿಸಿದ್ದು ಆ ಮಂಕರಿ. ಈಗ ಅದು ಹಲ್ಲಿಲ್ಲದ ನ್ಯಾಯಾಧೀಶೆಯೊಬ್ಬಳ ಮುಂದೆ ಕಟಕಟೆಗೆ ಏರಿತ್ತು.

ಕ್ಯಾಂಪ್‌ಬೆಲ್ಲಿನಲ್ಲಿರುವ ಕೂಸುಗಳ ಸಾಮಾನಿನ ಅಂಗಡಿಗೆ ಅವರನ್ನು ಕರೆದೊಯ್ದವನು ನಾನು. ಫ್ರೀವೇಯಲ್ಲಿ ನನ್ನ ವೇಗ ಎಂಥದೆಂದರೆ, ಹೊರಡುವಾಗ ಅನ್ನಪ್ರಾಶನದ ವಯಸ್ಸಿನಲ್ಲಿದ್ದ ಮಗು ತಲುಪುವಾಗ ಅಕ್ಷರಾಭ್ಯಾಸಕ್ಕೆ ಬಂದಿರುತ್ತದೆಂದು ನನ್ನ ಮನೆಯವರ ಆರೋಪ. ಹಿಂದಿನ ಸೀಟಿನಲ್ಲಿ ಅವರು ಒಂದು ದೊಡ್ಡ ಗಂಟನ್ನು ಇಟ್ಟಿದ್ದರು. ಮಗುವಿನ ಡೈಪರುಗಳಿರಬೇಕೆಂದುಕೊಂಡು ನಾನು ಕೇಳಲಿಲ್ಲ, ಕೇಳಬೇಕಾಗಿತ್ತು.

ಅಂಗಡಿಯ ಒಂದು ಗೋಡೆಯ ತುಂಬ ಬಟ್ಟಲುಗಳು: ಆನೆಯ ಮುಖದವು, ಮೋಡದ ಆಕಾರದವು, ಕಾಮನಬಿಲ್ಲಿನಲ್ಲಿಯೂ ಇಲ್ಲದ ಬಣ್ಣದವು. ಸಣ್ಣತಾಯಮ್ಮನವರು ಸಿಲಿಕೋನ್ ಬಟ್ಟಲೊಂದನ್ನು ಕೈಗೆತ್ತಿಕೊಂಡು ನಿಂಬೆಹಣ್ಣಿನಂತೆ ಹಿಂಡಿದರು. ಅದು ಮುದುಡಿ ಮತ್ತೆ ಬಿಚ್ಚಿಕೊಂಡಿತು.

“ಹಿಂಡಿದ್ರೆ ಹಿಂಡಿಸ್ಕೊಳ್ಳೋ ಬಟ್ಲಲ್ಲಿ ಉಂಡ ಮಗ, ನಾಳೆ ಯಾರ್ ಮುಂದೆ ನೆಟ್ಟಗೆ ನಿಂತಾತು? ಪಾತ್ರೆ ಅಂದ್ರೆ ಮೂರು ನೋಡ್ಬೇಕು ಅಯ್ನೋರೆ. ಅಂಚು, ತೂಕ, ಸದ್ದು.”

ಮೂಲೆಯಲ್ಲಿ ಅನಾಥವಾಗಿ ಕುಳಿತಿದ್ದ ಸ್ಟೀಲ್ ಬಟ್ಟಲುಗಳನ್ನು ಪತ್ತೆಹಚ್ಚಿ, ಅಂಚಿನ ಸುತ್ತ ಹೆಬ್ಬೆರಳಾಡಿಸಿ, ಅಂಗೈಯಲ್ಲಿ ತೂಗಿ, ಉಗುರಿನಿಂದ ಮೀಟಿ ಕಿವಿಗಿಟ್ಟುಕೊಂಡರು. ಐದನೆಯದಕ್ಕೆ “ಇದು ಮಾತಾಡ್ತದೆ” ಎಂದರು. ಜೊತೆಗೊಂದು ಪುಟ್ಟ ಸ್ಟೀಲ್ ಚಮಚ. ಅಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಕೌಂಟರಿನಲ್ಲಿ ಅವರು ಗಂಟನ್ನು ಬಿಚ್ಚಿದರು: ಅಳಿಯ ಸುಜಯನ ಎರಡು ಜೀನ್ಸು, ಮತ್ತು ಬೇರೆ ಬೇರೆ ಕಂಪನಿಗಳು ಅವನಿಗೆ ಪುಕ್ಕಟೆಯಾಗಿ ಹಂಚಿದ್ದ ಒಂಬತ್ತು ಟೀಶರ್ಟುಗಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ಹರಕಿಲ್ಲವೆಂಬುದನ್ನು ನೇರಳೆಗೂದಲಿನ ಆ ಮಾರಾಟದ ಹುಡುಗಿಗೆ ತೋರಿಸತೊಡಗಿದರು. ಹುಡುಗಿ ಬೆರಗಾಗಿ ನೋಡಿ, ಬಹಳ ವಿನಯದಿಂದ, ಬಾಗಿಲ ಬಳಿಯಿದ್ದ ದಾನದ ಡಬ್ಬವನ್ನು ತೋರಿಸಿದಳು. ನಾನು ಅನುವಾದಿಸಿದೆ.

“ದಾನ ಯಾರ್ ಕೇಳುದ್ರು? ನಾ ಕೇಳ್ತಿರೋದು ಯಾಪಾರ! ಬೇಕಾದ್ರೆ ಇನ್ನೊಂದು ಪ್ಯಾಂಟು ಹಾಕ್ತೀನಂತೆ, ಹೇಳಿ.”

ನಾನು ಅದನ್ನು ಅನುವಾದಿಸಲಿಲ್ಲ. ಅವರ ಬೆನ್ನ ಹಿಂದಿನಿಂದ ಕಾರ್ಡನ್ನು ಚಾಚಿದೆ. ಅದು ಅವರ ಕಣ್ಣಿಗೆ ಬಿತ್ತು. ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾಗಿದ್ದ ಟೀಶರ್ಟೊಂದನ್ನು ಮಡಿಸಿ ಕೌಂಟರಿನ ಮೇಲಿಟ್ಟು ಹೊರನಡೆದರು. ಆಮೇಲೊಮ್ಮೆ ನಾನು ಹೋದಾಗ ಆ ಹುಡುಗಿ ಅದನ್ನೇ ತೊಟ್ಟಿದ್ದಳೆಂದರೆ ನೀವು ನಂಬುವುದಿಲ್ಲ, ನಂಬಬೇಡಿ.

ಭಾನುವಾರದಿಂದ ಪ್ರಯೋಗ ಪ್ರಾರಂಭವಾಯಿತು. ರಾಗಿ ಸರಿಯನ್ನು ತೆಳ್ಳಗೆ ಕಾಸಿ, ಬೊಟ್ಟು ತುಪ್ಪ ಹಾಕಿ, ಸ್ಟೀಲ್ ಬಟ್ಟಲಿನಲ್ಲಿ ಆರಿಸಿ ಅಜ್ಜಿ ಎದುರಿಗೆ ಕುಳಿತರು. ಲಾಸ್ಯಾ ಎತ್ತರದ ಕುರ್ಚಿಯಲ್ಲಿ ಆಸರೆಯ ಮೇಲೆ ಕಾಲಿಟ್ಟು, ಪಿಂಚಣಿಯ ಅರ್ಜಿ ನೋಡುವ ಹಿರಿಯ ಗುಮಾಸ್ತನ ಗಾಂಭೀರ್ಯದಿಂದ ಚಮಚವನ್ನು ಅವಲೋಕಿಸಿ, ತುಟಿಗಳನ್ನು ಮುಚ್ಚಿದಳು. ಆ ಬಾಯಿಯನ್ನು ತೆರೆಸಲು ಮಂಗಳವಾರದ ತನಕ ಯಾರಿಂದಲೂ ಆಗಲಿಲ್ಲ. ಅಜ್ಜಿ ಬಟ್ಟಲಿನ ಅಂಚನ್ನು ಮೀಟಿದರೆ ಮಗುವಿಗೆ ಸದ್ದು ಬೇಕು, ಸರಿ ಬೇಡ. ಬುಧವಾರ ಒಂದು ಚಮಚ ಒಳಗೆ ಹೋಯಿತು, ಮನೆಯಲ್ಲಿ ಹರ್ಷೋದ್ಗಾರವೆದ್ದಿತು, ಲಾಸ್ಯಾ ಉದ್ಗಾರ ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಸರಿಯನ್ನು ಚೂರೂ ಕಡಿಮೆಯಾಗದಂತೆ ಅಜ್ಜಿಯ ಸೆರಗಿಗೆ ಹಿಂತಿರುಗಿಸಿದಳು. ಬಾಳೆಹಣ್ಣು, ಸಿಹಿಗೆಣಸು, ಎಲ್ಲಕ್ಕೂ ಅದೇ ತೀರ್ಪು. ಈ ನಡುವೆ ಬಿಂದುಶ್ರೀ ಗುಟ್ಟಾಗಿ ತರಿಸಿಕೊಂಡಿದ್ದ ನೀಲಿ ಸಿಲಿಕೋನ್ ಬಟ್ಟಲು, ಪಟ್ಟಿಯ ಮೆತ್ತನೆಯ ಚಮಚದೊಂದಿಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿತ್ತು. ಅಜ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಗುರುವಾರ ಸಂಜೆ ಈಜುಕೊಳದ ಬೆಂಚಿನ ಮೇಲೆ ಅವರು ಬಂದು ಕುಳಿತಾಗ, ನಾನು ಮೊದಲ ಬಾರಿಗೆ ಆ ಕತ್ತು ಬಾಗಿದ್ದನ್ನು ಕಂಡೆ.

“ಆ ಮೊಕದಲ್ಲಿ ಏನೂ ಬರ್ದಿಲ್ಲ ಅಯ್ನೋರೆ. ಬೋಳು ಗೋಡೆ. ಹಸಿವು ಅದೋ ಇಲ್ವೋ, ಪಾತ್ರೆ ಹಿಡಿಸ್ಲಿಲ್ವೋ, ನಾನೇ ಹಿಡಿಸ್ಲಿಲ್ವೋ… ಅಂತಾ ಗಿರಾಕಿ ಹುಟ್ಟಿಲ್ಲ ಅಂತಿದ್ದೆ. ಹೋಗಿ ಹೋಗಿ ನನ್ ಮಗಳ ಹೊಟ್ಟೇಲೇ ಹುಟ್ಟವ್ಳೆ.”

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ಪ್ರಯತ್ನ ನಡೆಯಿತು. ಫಲಿತಾಂಶವನ್ನು ನೋಡಲು ನಾನೂ ಹೋಗಿದ್ದೆ. ಕಾಫಿ ಕೇವಲ ನೆಪ. ಲಾಸ್ಯಾ ಎಂದಿನಂತೆ ತುಟಿ ಮುಚ್ಚಿದಳು. ಬಿಂದುಶ್ರೀ ಅವ್ವನ ಮುಖ ನೋಡದೆ ಫೋನನ್ನು ಕೈಗೆತ್ತಿಕೊಂಡಳು. ಹಾಗೆ ನೋಡದಿದ್ದುದರಲ್ಲಿ ಕರುಣೆಯಿತ್ತು, ಅವ್ವನಿಗೆ ತಡೆಯಲಾಗದೆ ಹೋದದ್ದು ಅದೇ ಎಂದು ತೋರುತ್ತದೆ. ಅವರು ಎದ್ದು ಅಡುಗೆಮನೆಗೆ ನಡೆದರು. ಕೂಸು ಒಲ್ಲೆನೆಂದ ರಾಗಿಯನ್ನು ಚೆಲ್ಲಲು ಮನಸ್ಸಿಲ್ಲ; ಮಗುವಿನ ಸ್ಟೀಲ್ ಬಟ್ಟಲಿನಲ್ಲಿ ತಾವು ತಿಂದು ಅದನ್ನು ಎಂಜಲು ಮಾಡಲೂ ಮನಸ್ಸಿಲ್ಲ. ಮಿಕ್ಕ ಪಾತ್ರೆಗಳೆಲ್ಲ ಡಿಶ್‌ವಾಷರಿನೊಳಗೆ ಗುಡುಗುತ್ತಿದ್ದವು. ಹೀಗಾಗಿ ಆ ತಿರಸ್ಕೃತ ನೀಲಿ ಬಟ್ಟಲಿಗೆ ಸರಿಯನ್ನು ಸುರಿದುಕೊಂಡು ಬಂದು, ಮಗುವಿನ ಕುರ್ಚಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತು, ಯಾರನ್ನೂ ನೋಡದೆ ತಿನ್ನತೊಡಗಿದರು.

ಹಿಂದಿನಿಂದ “ಆಂ” ಎಂದು ಒಂದು ಸದ್ದು ಬಂತು.

ಅವರು ತಿರುಗಲಿಲ್ಲ. ಮತ್ತೊಂದು “ಆಂ”, ಈ ಸಲ ದನಿಯಲ್ಲಿ ಅಧಿಕಾರವಿತ್ತು. ಲಾಸ್ಯಾ ಕುರ್ಚಿಯ ಸೊಂಟಪಟ್ಟಿಗಳನ್ನು ಜಗ್ಗಿ ಮುಂದಕ್ಕೆ ಬಾಗಿದ್ದಳು, ಕಣ್ಣುಗಳು ಅಜ್ಜಿಯ ಭುಜದ ಮೇಲಿನಿಂದ ಆ ನೀಲಿಯ ಮೇಲೆ ನೆಟ್ಟಿದ್ದವು. ಕೈಗೆ ಸಿಕ್ಕಿದ್ದು ಕೊರಳ ಬಿಬ್ಬು. ಅದನ್ನು ಎಳೆದಳು, ಎಳೆದಳು, ಅಂಟು ಪರ್ರನೆ ಬಿಟ್ಟುಕೊಂಡಿತು, ಬಿಬ್ಬು ಹಾರಿ ಅಜ್ಜಿಯ ಹೆಗಲ ಮೇಲೆ ಬಿತ್ತು.

ಸಣ್ಣತಾಯಮ್ಮನವರು ನಿಧಾನವಾಗಿ, ಸಮಸ್ತ ದೇಹಸಮೇತ ತಿರುಗಿದರು. ಬಿಬ್ಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹಿಂದು ಮುಂದು ನೋಡಿದರು. “ಹರುಕಿಲ್ಲ” ಎಂದು ಮಡಿಸಿ ತೊಡೆಯ ಕೆಳಗಿಟ್ಟುಕೊಂಡರು. ಆಮೇಲಷ್ಟೇ ನೀಲಿ ಬಟ್ಟಲನ್ನು ಮೊಮ್ಮಗಳ ಮುಂದಕ್ಕೆ ಸರಿಸಿದರು.

“ಅವ್ವ, ನಿನ್ ಸ್ಪೂನ್ ಬೇಡ, ತಡಿ, ತಡಿ!” ಎಂದು ಬಿಂದುಶ್ರೀ ಓಡಿಬಂದು ಬಟ್ಟಲನ್ನು ತೊಳೆದು, ಹೊಸ ಸರಿ ಬಡಿಸಿ, ಪಟ್ಟಿಯ ಮೆತ್ತನೆಯ ಚಮಚವನ್ನು ಕೊಡುವಷ್ಟರಲ್ಲಿ ಗಿರಾಕಿ ಅಪಾರ್ಟ್‌ಮೆಂಟಿನ ಗೋಡೆಗಳು ಬಿರಿಯುವಂತೆ ಒದರಿದ್ದಳು. ನಾನು ಲೆಕ್ಕ ಹಾಕಿದಂತೆ ಅವಳು ಹತ್ತೊಂಬತ್ತು ಚಮಚ ತಿಂದಳು. ಒಂಬತ್ತು ಎನ್ನುತ್ತಾಳೆ ಬಿಂದುಶ್ರೀ. ಇಂಜಿನಿಯರುಗಳಿಗೆ ಉತ್ಸಾಹ ಕಡಿಮೆ.

“ಬಟ್ಲು ಲಿಸ್ಟಲ್ಲಿ ಎರಡನೇದು, ಸ್ಪೂನು ಮೂರನೇದು” ಎಂದು ಅವಳು ನಗುತ್ತಾ ಹೇಳಿದಳು. “ಈಗ ಹೇಳವ್ವ, ಗೆದ್ದೋರ್ ಯಾರು?”

ಅವ್ವ ಸ್ಟೀಲ್ ಬಟ್ಟಲನ್ನು ತೊಳೆದು, ಸೆರಗಿನಿಂದ ಒರೆಸಿ, ತಮ್ಮ ಸೂಟ್‌ಕೇಸಿನೊಳಗೆ ಇಟ್ಟು ಬಂದರು.

ಆದರೆ ಸಂಜೆ ನಾನು ಈಜುಕೊಳದ ಕಡೆ ಇಳಿದಾಗ ಅಲ್ಲಿ ಸಭೆ ಸೇರಿತ್ತು. ಒಬ್ಬ ಪಂಜಾಬಿ ಅಜ್ಜಿ, ಒಬ್ಬ ಚೀನೀ ಅಜ್ಜಿ, ಕನ್ನಡ ಇಬ್ಬರಿಗೂ ಸಮಾನವಾಗಿ ಬಾರದು. ನಡುವೆ ಸಣ್ಣತಾಯಮ್ಮನವರು, ಕತ್ತು ಧ್ವಜಸ್ತಂಭದಂತೆ ನೆಟ್ಟಗೆ, ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸುತ್ತಿದ್ದರು. ಆ ಆವೃತ್ತಿಯಲ್ಲಿ ಏಳು ದಿನಗಳ ಸ್ಟೀಲ್ ಬಟ್ಟಲೆಲ್ಲ ಒಂದು ಹೂಟ. ಅಸಲು ಮಾಲನ್ನು ಬೆನ್ನ ಹಿಂದೆ ಮುಚ್ಚಿಟ್ಟು ಗಿರಾಕಿಯೇ ಬಟ್ಟೆ ಎಸೆದು ಬೇಡುವಂತೆ ಮಾಡಿದ್ದು ಇಪ್ಪತ್ತೆಂಟು ವರ್ಷಗಳ ವಿದ್ಯೆ. ಅಜ್ಜಿಯರು ತಲೆದೂಗುತ್ತಿದ್ದರು.

ಪರರ ಹೊಸ್ತಿಲ ಹೊರಗೆ ಕುಳಿತು ಬಾಳು ಸವೆಸಿದವರ ಬಗೆಯೇ ಬೇರೆ. ಒಳಗಿನವರು ಇನ್ನು ಉಪಯೋಗವಿಲ್ಲವೆಂದು ಎಸೆದದ್ದನ್ನು ಇವರು ಎತ್ತಿ, ಒಳಹೊರಗು ಮಾಡಿ, ಎಲ್ಲಿ ಗಟ್ಟಿಯಿದೆಯೆಂದು ಹುಡುಕುತ್ತಾರೆ. ದಿನಕ್ಕೆ ಹತ್ತು ಬಾಗಿಲು ಮುಖದ ಮೇಲೆ ಮುಚ್ಚಿಕೊಂಡರೂ ಹನ್ನೊಂದನೆಯದರ ಮುಂದೆ ಅದೇ ದನಿಯಲ್ಲಿ ಕೂಗುತ್ತಾರೆ. ಇಂಥವರಿಗೆ ಸಂಪೂರ್ಣವಾಗಿ ಕೆಟ್ಟದ್ದೆಂಬ ವಸ್ತುವೇ ಲೋಕದಲ್ಲಿಲ್ಲ, ತಮ್ಮದೇ ಅಪಜಯವೂ ಅದಕ್ಕೆ ಹೊರತಲ್ಲ. ವಿದ್ಯಾವಂತರಾದ ನಾವು ಒಂದು ಸೋಲನ್ನು ವರ್ಷಗಟ್ಟಲೆ ಬೀರುವಿನಲ್ಲಿ ಮಡಿಸಿಟ್ಟುಕೊಂಡು ನುಸಿಗೆ ತಿನ್ನಿಸುತ್ತೇವೆ. ಅವರು ಅದನ್ನು ಸಂಜೆಯೊಳಗೆ ದಾಟಿಸಿಬಿಡುತ್ತಾರೆ.

ಸಭೆ ಕರಗಿದ ಮೇಲೆ ನಾನು ಸುಮ್ಮನಿರಲಾರದೆ ಹೇಳಿದೆ: “ಭೇಷ್, ಸಣ್ಣತಾಯಮ್ಮನವರೇ! ಸೋತದ್ದನ್ನೂ ಗೆಲುವು ಅಂತ ಮಾರಿಬಿಟ್ರಲ್ಲ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ಮಾರೋದು ನಮ್ ಕಸುಬಲ್ಲ ಅಯ್ನೋರೆ, ಬದಲು ಕೊಡೋದು. ನಿಮ್ ಮೈಮೇಲಿರೋ ಸ್ವೆಟ್ರು ಬಿಚ್ಚಾಕಿ, ಸೋಲು ನೀವೇ ಮನೆಗೆ ಎತ್ಕೊಂಡ್ ಹೋಗಿ.”