ಎರಡನೆಯ ಕಂಬಳಿ

ಉತ್ತರ ಹೊಳೆದದ್ದು ಹಲ್ಲುಜ್ಜುವಾಗ. ಗುರುಪಾದಯ್ಯ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟ.

‘ಯಪ್ಪಾ, ನೀರು ಸುಮ್ನ ಹೊಂಟೈತಿ ನೋಡ್ರಿ,’ ಎಂದಳು ಹಿಂದೆ ಪಾಳಿಯಲ್ಲಿ ನಿಂತಿದ್ದ ದುಂಡವ್ವ, ಖಾಲಿ ಕೊಡವನ್ನು ಇನ್ನೊಂದು ಟೊಂಕಕ್ಕೆ ಬದಲಿಸುತ್ತ. ಜೋರಾಪುರ ಪೇಟೆಯ ಆ ಚಾಳಿಗೆಲ್ಲ ಅದೊಂದೇ ನಳ.

ಅವನು ಸರಿದು ನಿಂತ. ಇಷ್ಟೇನಾ? ಇಷ್ಟಕ್ಕೆ ಎರಡು ವರ್ಷ?

ವಿಜಾಪುರದ ಕಾಲೇಜಿನಲ್ಲಿ ಅವನು ಭೌತಶಾಸ್ತ್ರ ಕಲಿಸುತ್ತಿದ್ದ. ಎರಡು ವರ್ಷದ ಹಿಂದೆ ಶಾಖವಿಕಿರಣದ ಪಾಠ ಮಾಡುವಾಗ ಪುಸ್ತಕ ಮುಚ್ಚಿ ಒಂದಿಷ್ಟು ಹೊರಗಿನ ಮಾತು ಹೇಳಿದ್ದ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಭೂಮಿ ಹೊರಗೆ ಬಿಡುವ ಶಾಖದ ಕಿರಣಗಳನ್ನು ಅದು ಹೀರುತ್ತದೆ, ಕೆಲವನ್ನಂತೂ ಈಗಾಗಲೇ ಪೂರ್ತಿ. ಮುಂದೊಂದು ದಿನ ಭೂಮಿಯೇ ಕಾಯಬಹುದು. ಯಾರೂ ತಲೆಯೆತ್ತಲಿಲ್ಲ. ಹುಡುಗಿಯರ ಬೆಂಚಿನಿಂದ ಮಲಕವ್ವ ಎದ್ದುನಿಂತಳು. ಬಬಲೇಶ್ವರದವಳು, ಕುರಿ ಕಾಯುವ ಮನೆತನ.

‘ಸರ್, ಈಗಿರೂ ಅನಿಲಾನs ಆ ಕಿರಣಾ ಪೂರಾ ನುಂಗತೈತಿ ಅಂದ್ರಿ. ಮತ್ತ ಇನ್ನಷ್ಟು ಸೇರಿದ್ರ ಏನು ಫರಕ ಆಗತೈತ್ರಿ? ಒಂದು ಕಂಬಳಿ ಬೆಳಕು ಪೂರಾ ತಡದಮ್ಯಾಲ, ಅದರ ಮ್ಯಾಲ ಇನ್ನೊಂದು ಯಾಕ ಹೊಚ್ಚಬೇಕು?’

ಅವನಿಗೆ ಗೊತ್ತಿರಲಿಲ್ಲ. ‘ಸಿಲೆಬಸ್ಸಿನಾಗ ಇಲ್ಲ, ಕೂಡು,’ ಎಂದ.

ಕೂತದ್ದು ಅವಳು ಮಾತ್ರ. ಪ್ರಶ್ನೆ ನಿಂತೇ ಇತ್ತು.

ಇವತ್ತು ತರಗತಿಯಲ್ಲಿ ಅವನು ಹಲಗೆಯ ತುಂಬ ಗಾಳಿಯ ಪದರಗಳನ್ನು ಬರೆದ. ಶಾಖ ನೆಲದಿಂದ ನೇರ ಆಕಾಶಕ್ಕೆ ಹೋಗುವುದಿಲ್ಲ. ಒಂದು ಪದರ ಹೀರಿ ಮೇಲಿನದಕ್ಕೆ ಕೊಡುತ್ತದೆ, ಅದು ಇನ್ನೂ ಮೇಲಿನದಕ್ಕೆ. ತನ್ನ ಮೇಲೆ ತಡೆಯುವವರಿಲ್ಲದ ಕೊನೆಯ ಪದರದಿಂದ ಮಾತ್ರ ಅದು ಪಾರಾಗುತ್ತದೆ. ಅನಿಲ ಹೆಚ್ಚಿದಷ್ಟೂ ಆ ಕೊನೆಯ ಪದರ ಇನ್ನೂ ಎತ್ತರಕ್ಕೆ ಹೋಗುತ್ತದೆ. ಅಲ್ಲಿ ಥಂಡಿ. ಥಂಡಿಯಾದದ್ದು ಕಡಿಮೆ ಶಾಖ ಬಿಡುತ್ತದೆ. ಹೋಗಲಾರದ್ದು ಕೆಳಗೇ ಉಳಿಯುತ್ತದೆ.

ಹೇಳಿ ಮುಗಿಸಿ ಅವನು ಹುಡುಗರತ್ತ ತಿರುಗಿದ. ಮುಂದಿನ ಬೆಂಚಿನ ಸಿದ್ದರಾಯ ಕೈಯೆತ್ತಿದ.

‘ಸರ್, ಇದು ಪರೀಕ್ಷಾಕ್ಕ ಬರತೈತೇನ್ರಿ?’

‘ಇಲ್ಲ.’

ಪೆನ್ನುಗಳ ಟೊಪ್ಪಿಗೆ ಮುಚ್ಚಿದ ಸಪ್ಪಳ. ಹಿಂದಿನಿಂದ ಯಾರೋ, ‘ನಮ್ಮ ವಿಜಾಪುರ ಇನ್ನೇನು ಕಾಯೂದೈತ್ರಿ ಸರ್?’ ಎಂದ. ಎಲ್ಲರೂ ನಕ್ಕರು. ಗುರುಪಾದಯ್ಯನೂ ನಕ್ಕ.

ಯಾರೂ ಕೇಳದ್ದಕ್ಕೆ ಉತ್ತರ ಹೇಳಿದ್ದ. ಅದು ಉತ್ತರವೇ ಅಲ್ಲ ಅನಿಸಿತು.

ಮಧ್ಯಾಹ್ನ ಅವನು ತಿಕೋಟಾದ ಬಸ್ಸಿನಲ್ಲಿದ್ದ. ತನ್ನ ಮದುವೆಗೆ ಕರೆಯಲು ಬಂದಾಗ ಮಲಕವ್ವ ಹೇಳಿದ್ದಳು: ‘ತಿಕೋಟಾದಾಗ ಫೋಟೋ ಸ್ಟುಡಿಯೋ ಐತ್ರಿ ಅವರದು, ಸ್ಟ್ಯಾಂಡಿನ ಎದುರಿಗೇ.’ ಮದುವೆಗೆ ಹೋಗಿರಲಿಲ್ಲ. ಕಾರಣವೇನೂ ಇರಲಿಲ್ಲ.

ಕಿಟಕಿಯಾಚೆ ಜೋಳ ಕೊಯ್ದ ಎರೆಹೊಲ ಬಾಯಿ ಬಿಟ್ಟು ಬಿದ್ದಿತ್ತು. ಅವಳ ಮೇಲೆ ಮನಸ್ಸಿತ್ತೆ ಎಂದು ತನ್ನನ್ನೇ ಕೇಳಿಕೊಂಡ. ಅವಳ ಮುಖ ಸರಿಯಾಗಿ ನೆನಪಾಗಲಿಲ್ಲ. ಬೇಕಾದದ್ದು ಇಷ್ಟೇ: ಯಾರಾದರೂ ಒಬ್ಬರು ತನ್ನ ಮಾತು ಕೇಳಿ, ಕಣ್ಣರಳಿಸಿ, ‘ಹೌದಲ್ಲ!’ ಎನ್ನಬೇಕು. ಇಷ್ಟು ವರ್ಷ ಕಲಿಸಿದ್ದರಲ್ಲಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಆ ಆಸೆಗೆ ಬೇರೆ ಹೆಸರಿದ್ದರೆ ಅವನಿಗೆ ತಿಳಿಯದು.

ಸ್ಟುಡಿಯೋದಲ್ಲಿ ಮಲಕವ್ವ ಒಂದು ಕಪ್ಪುಬಿಳುಪು ಫೋಟೋದ ಮೇಲೆ ಬಾಗಿ, ಸಣ್ಣ ಕುಂಚದಿಂದ ಮದುಮಗಳ ಸೀರೆಗೆ ಬಣ್ಣ ತುಂಬುತ್ತಿದ್ದಳು. ಅವಳ ಮೈ ಈಗ ತುಂಬಿಕೊಂಡಿತ್ತು.

‘ಅಯ್ಯ, ಸರ್!’ ಧಡಕ್ಕನೆ ಎದ್ದಳು. ‘ಯಾವಾಗ ಬಂದ್ರಿ?’

‘ಇತ್ತಾಗ ಸ್ವಲ್ಪ ಕೆಲಸಿತ್ತು.’

ಗಂಡ ಯಲಗೂರಪ್ಪ ಕುರ್ಚಿಯ ಧೂಳು ಜಾಡಿಸಿದ. ‘ನಿಮ್ಮ ಸುದ್ದಿ ಭಾಳ ಹೇಳತಾಳ್ರಿ ಈಕಿ.’

‘ಏನಂತ?’

‘ಭಾಳ ಚಲೋ ಸರ್ ಅಂತ್ರಿ.’ ಚಹಾ ಹೇಳಲು ಹೊರಗೆ ಹೋದ.

‘ನೀ ಒಂದು ಪ್ರಶ್ನೆ ಕೇಳಿದ್ದಿ,’ ಎಂದ ಗುರುಪಾದಯ್ಯ.

‘ನಾನ್ರೀ?’

‘ಕಂಬಳಿದು. ಒಂದರ ಮ್ಯಾಲ ಇನ್ನೊಂದು.’

ಅವಳು ಕುಂಚದ ತುದಿ ನೋಡಿದಳು. ನೆನಪಿಸಿಕೊಳ್ಳಲು ಹೆಣಗುತ್ತಿದ್ದಳು, ಪಾಪ, ಅವನಿಗಾಗಿ. ‘ಏನೇನು ಕೇಳತಿದ್ನೋ ಸರ್. ನಿಮಗ ಭಾಳ ತ್ರಾಸ ಕೊಟ್ಟೇನಿ.’

‘ಹಂಗಲ್ಲ. ಶಾಖ ಕೆಳಗಿಂದ ಹೋಗೂದಿಲ್ಲ. ಮ್ಯಾಲಿಂದ ಹೋಗತೈತಿ. ಕಂಬಳಿ ಹೆಚ್ಚಾದಂಗ ಅದು ಬಿಟ್ಟುಹೋಗೂ ಜಾಗಾನs ಎತ್ತರಕ್ಕ...’

‘ಹೌದ್ರಿ?’ ಎಂದಳು.

ಗಿರಾಕಿಗೆ ಹೇಳುವ ‘ಹೌದ್ರಿ.’ ಅದರಲ್ಲಿ ಬೇಸರವಿರಲಿಲ್ಲ, ಕಪಟವೂ ಇರಲಿಲ್ಲ. ಅವಳು ಸುಖವಾಗಿದ್ದಳು. ಆ ಸುಖದಲ್ಲಿ ಎಲ್ಲಿಯೂ ಸಂದಿಯಿರಲಿಲ್ಲ.

‘ಲಗ್ನ ಆತೇನ್ರಿ ಸರ್?’

‘ಇಲ್ಲ.’

ಚಹಾ ಬಂತು. ಕುಡಿದು ಎದ್ದವನನ್ನು ಯಲಗೂರಪ್ಪ ಬಿಡಲಿಲ್ಲ. ‘ಗುರುಗಳು ಬಂದೀರಿ, ಒಂದು ಫೋಟೋ ಆಗಬೇಕ್ರಿ. ಈಕಿ ಜೋಡಿ.’

ಒಳಕೋಣೆಯ ಕಿಟಕಿಗೆಲ್ಲ ಕಪ್ಪು ಬಟ್ಟೆ. ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಹಿಮದ ಬೆಟ್ಟಗಳು, ನೀಲಿ ಕೊಳ, ಎರಡು ಬಾತುಕೋಳಿ.

‘ಕಾಶ್ಮೀರ್ರಿ ಸರ್. ಕೊಲ್ಲಾಪುರದಾಗ ಬರಸೇನಿ. ಇಲ್ಲಿ ಮಂದಿಗೆ ಇದs ಬೇಕು.’

ಗುರುಪಾದಯ್ಯ ಕುರ್ಚಿಯಲ್ಲಿ ಕೂತ. ಅವನ ಹೆಗಲ ಹತ್ತಿರ ಹಿಮ ಚಕ್ಕೆಯೆದ್ದು ಒಳಗಿನ ಗೋಣಿತಟ್ಟು ಕಾಣುತ್ತಿತ್ತು. ಮಲಕವ್ವ ಸೆರಗು ಸರಿಮಾಡಿಕೊಂಡು ಹಿಂದೆ ನಿಂತಳು. ದೀಪಗಳು ಹತ್ತಿಕೊಂಡವು. ಮುಖಕ್ಕೆ ಕಾವು ಬಡಿದು ಬೆವರು ಹುಬ್ಬಿಗಿಳಿಯಿತು. ಯಲಗೂರಪ್ಪನ ತಲೆ ಕ್ಯಾಮೆರಾದ ಮುಸುಕಿನೊಳಗೆ ಹೋಯಿತು.

‘ಸ್ವಲ್ಪ ನಗ್ರಿ ಸರ್. ಹಾಂ. ಅಲ್ಲಾಡಬ್ಯಾಡ್ರಿ.’

ಕರೆಂಟು ಹೋಯಿತು.

‘ಹಂಗs ಕೂಡ್ರಿ, ಫ್ಯೂಸು ನೋಡಿ ಬಂದೆ,’ ಎಂದ ದನಿ ಹೊರಗೆ ಸರಿಯಿತು. ಅಲ್ಲಿ ಯಾರೋ ಗಿರಾಕಿಗಳು ಬಂದಂತಿತ್ತು, ಮಾತು, ನಗು. ಬಳೆ ಸಪ್ಪಳವಾಯಿತು. ಅದು ತನ್ನ ಬೆನ್ನ ಹಿಂದೋ, ಹೊರಗೋ ಅವನಿಗೆ ತಿಳಿಯಲಿಲ್ಲ.

‘ಮಲಕವ್ವಾ,’ ಎಂದ ಮೆಲ್ಲಗೆ.

ಉತ್ತರ ಬರಲಿಲ್ಲ. ತಿರುಗಿ ನೋಡಬಹುದಿತ್ತು. ನೋಡಿದರೆ ಫೋಟೋ ಕೆಡುತ್ತಿತ್ತು. ಹಿಮಕ್ಕೆ ಬಳಿದ ಎಣ್ಣೆಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಕತ್ತಲಲ್ಲಿ ಗುರುಪಾದಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡು, ಅಲುಗದೆ, ನಗುತ್ತ ಕೂತಿದ್ದ.