ಅಬ್ಬಿಗೆರೆಯ ಪಟ್ಟೆಬಂಡೆ

ಅಬ್ಬಿಗೆರೆಯ ಹಳೇ ಕಲ್ಲುಕ್ವಾರಿಯಲ್ಲಿ ಕೆಲಸ ನಿಂತು ಎಂಟು ವರ್ಷವಾಗಿತ್ತು. ಕೆಲಸ ನಿಂತ ಗುಂಡಿ ಕಂಡರೆ ನಮ್ಮವರು ಬಿಡುತ್ತಾರೆಯೇ? ಅರ್ಧ ಊರಿನ ಕಸ ಅಲ್ಲೇ ಬೀಳುತ್ತಿತ್ತು. ಕಸ ಮುಚ್ಚದೆ ಉಳಿದಿದ್ದು ತಳದ ಒಂದು ಹಾಸುಬಂಡೆ. ಬಿಳಿ ಕಲ್ಲಿನ ನಡುವೆ ಅಡ್ಡಡ್ಡ ಕರಿ ಪಟ್ಟೆಗಳು.

1964ರ ಬೇಸಿಗೆ. ಕಲ್ಲುಕುಟಿಗ ಚಿಕ್ಕಬೈರಪ್ಪ, ಅವನ ಹೆಂಡತಿ ಸುಬ್ಬಮ್ಮ ಆ ಬಂಡೆಯ ಮೇಲೆ ಸೌದೆ ಒಟ್ಟಿದರು. ಬೆಂಕಿಯಲ್ಲಿ ಕಾಯಿಸಿ ಚಪ್ಪಡಿ ಎಬ್ಬಿಸುವುದು ಅವರ ಮನೆತನದ ಕಸುಬು. ಮಳೆ ಹಿಡಿಯುವ ಮೊದಲು ಸ್ವಂತ ಮನೆಗೆ ಚಪ್ಪಡಿ ಹೊದಿಸಬೇಕಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮುಜಫ್ಫರ್ ಓಡಿ ಬಂದರು. ಅವರು ಭೂವಿಜ್ಞಾನ ಇಲಾಖೆಯ ಜೀಪು ಓಡಿಸುವವರು.

"ಚಿಕ್ಕಬೈರಣ್ಣ, ಬೆಂಕಿ ಇಡ್ಬೇಡಿ! ನಮ್ಮ ಸಾಹೇಬ್ರು ಕಾಲೇಜು ಹುಡುಗರನ್ನ ಕರ್ಕೊಂಡು ಬಂದು ತೋರ್ಸೋ ಬಂಡೆ ಇದು."

"ಯಾಕೆ ಸಾಬ್ರೇ, ರಾಕ್ಷಸನ ಮೂಳೆಗೀಳೆ ಐತಾ?"

"ಮೂಳೆ ಎಲ್ಲಿಂದ ಬರ್ಬೇಕು? ಈ ಕಲ್ಲು ಆದಾಗ ಮೂಳೆ ಇರೋ ಪ್ರಾಣೀನೇ ಹುಟ್ಟಿರ್ಲಿಲ್ಲ. ಇನ್ನೂರು ಕೋಟಿ ವರ್ಷಕ್ಕೂ ಹಳೇದು ಕಣ್ರೀ. ಮೊದ್ಲು ಬಿಳಿ ಕಲ್ಲು. ಅದು ಬಿರುಕು ಬಿಟ್ಮೇಲೆ ಭೂಮಿ ಒಳಗಿಂದ ಕರಗಿದ ಕಲ್ಲಿನ ರಸ ಉಕ್ಕಿ ಬಂದು, ಆರಿ, ಈ ಕರಿ ಪಟ್ಟೆ ಆಯ್ತು."

ಚಿಕ್ಕಬೈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ನಮ್ ತಾತ ಆಕಿದ್ ಬೆಂಕಿ ಮಸಿ! ಬಂಡೆ ಇಚಾರ ನಂಗೇ ಯೋಳ್ಕೊಡ್ತೀರಾ?"

ಮುಜಫ್ಫರ್ ವಾದಕ್ಕೆ ನಿಲ್ಲಲಿಲ್ಲ. ಅಂಚಿನಲ್ಲಿ ಕಳಚಿ ಬಿದ್ದಿದ್ದ ಕರಿ ತುಂಡೊಂದನ್ನು ತೋರಿಸಿ, "ನೀವೇ ಒಡೆದು ನೋಡಿ" ಎಂದರು.

ಚಿಕ್ಕಬೈರಪ್ಪ ಸುತ್ತಿಗೆ ಎತ್ತಿದ. ತುಂಡು ಎರಡಾಯಿತು. ಒಳಗೂ ಕರಿ. ಮತ್ತೆ ಒಡೆದ, ಅಲ್ಲೂ ಕರಿ. ಸುಬ್ಬಮ್ಮ ಬೆರಳು ಒದ್ದೆ ಮಾಡಿ ಉಜ್ಜಿದಳು. ಚೂರೂ ಅಂಟಲಿಲ್ಲ.

"ಮಸಿ ಕಲ್ಲೊಳಕ್ಕೆ ಇಳೀತದಾ?" ಎಂದು ಗಂಡನ ಮುಖ ನೋಡಿದಳು.

ಮೂರು ತಲೆಮಾರು ಇದೇ ಬಂಡೆಯಿಂದ ಅನ್ನ ಕಂಡ ಮನೆಯವನಿಗೆ ನಾಚಿಕೆಯಾಯಿತು. "ಅಲ್ಲಾ ಸಾಬ್ರೇ, ನನ್ ಮನೆಗೇನ್ ಮಾಡ್ಲಿ? ಮಳೆ ಕೇಳ್ತದಾ?"

"ಮೂಡಲ ಕಡೆ ಬಂಡೇಲಿ ಪಟ್ಟೆ ಇಲ್ಲ. ಅಂಥದ್ದು ಸುತ್ತ ಬೇಕಾದಷ್ಟಿದೆ. ಅಲ್ಲಿ ಎಬ್ಬಿಸಿ."

"ಅಲ್ಲಿಂದ ಸಾಗ್ಸೋದು ದೂರ ಆಯ್ತದೆ," ಎಂದಳು ಸುಬ್ಬಮ್ಮ.

"ಆಗ್ಲಿ ಬಿಡು," ಎಂದ ಚಿಕ್ಕಬೈರಪ್ಪ. "ಗಾಡಿ ಐತೆ, ಎತ್ತೈತೆ. ಇದನ್ನ ಒಡೆದಾಕಿದ್ರೆ ಕೂಡ್ಸೋ ಕಲ್ಲುಕುಟಿಗ ಯಾವನೂ ಇಲ್ಲ."

ಮೂವರೂ ಸೇರಿ ಸೌದೆ ಹೊತ್ತು ಸಾಗಿಸಿದರು. ಮರುವಾರ ಪಂಚಾಯಿತಿಯಲ್ಲಿ ಬಂಡೆ ಉಳಿಸಬೇಕೆಂದು ಮೊದಲು ಎದ್ದು ನಿಂತವನು ಚಿಕ್ಕಬೈರಪ್ಪನೇ. ಕಸ ಹಾಕುವುದು ನಿಂತಿತು, ಸುತ್ತ ಬೇಲಿ ಬಂತು.

ಬಂಧುಗಳೇ, ನಿಮ್ಮೂರಲ್ಲೂ ಪಾಳುಬಿದ್ದ ಕ್ವಾರಿ ಇರಬಹುದು. ಅದನ್ನು ಮುಚ್ಚುವ ಮೊದಲು, ಒಡೆಯುವ ಮೊದಲು ಬಲ್ಲವರನ್ನು ಕರೆಸಿ ತೋರಿಸಿ. ಪಂಚಾಯಿತಿಗೆ ಅರ್ಜಿ ಕೊಡಿ. ಮನೆ ಕಟ್ಟಲು ಬೇರೆ ಕಲ್ಲು ಸಿಗುತ್ತದೆ. ಭೂಮಿ ಹುಟ್ಟಿ ಬೆಳೆದ ಕಥೆ ನಿಮ್ಮ ಮಕ್ಕಳಿಗೆ ಕೈಯಿಂದ ಮುಟ್ಟಿ ತಿಳಿಯಲು ಸಿಗುವುದು ಅಲ್ಲಿ ಮಾತ್ರ.